ಹಳೆ ಕೋವಿ, ಅಕ್ರೋಟ್ ಮರ, ಅಗಸೆ ಎಣ್ಣೆ

ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬ ಹತ್ತಿರವಾದಂತೆ ಕೊಡಗಿನ ಮನೆಗಳಲ್ಲಿ ಕೋವಿಗಳು ಬೀರುವಿನಿಂದ ಹೊರಗೆ ಬರುತ್ತವೆ. ಗದ್ದೆಯಲ್ಲಿ ನಾಟಿ ಮುಗಿದಿರುತ್ತದೆ, ಮಳೆ ಇನ್ನೂ ಬಿಟ್ಟಿರುವುದಿಲ್ಲ. ನಳಿಗೆಯೊಳಗೆ ಬಟ್ಟೆ ತೂರಿ ಎಳೆಯುತ್ತಾರೆ, ಕುದುರೆಯ ಸುತ್ತ ಕಟ್ಟಿದ ತುಕ್ಕು ತಿಕ್ಕುತ್ತಾರೆ. ಆಮೇಲೆ ಒಡಿಕತ್ತಿ, ಪೀಚೆಕತ್ತಿಗಳ ಜೊತೆ ಕೋವಿಯನ್ನೂ ಸಾಲಾಗಿ ಇಟ್ಟು ತೋಕ್‌ಪೂ ಮುಡಿಸಿ ಪೂಜೆ ಮಾಡುತ್ತಾರೆ. ಬಯಲುಸೀಮೆಯವರು ಅಗ್ನಿಶಿಖೆ ಎಂದು ಕರೆಯುವ ಕೆಂಪು-ಹಳದಿ ಹೂವೇ ಈ ತೋಕ್‌ಪೂ.

ಈ ತಯಾರಿಯಲ್ಲಿ ಉಕ್ಕಿಗೆ ಸಿಗುವ ಆರೈಕೆ ಮರಕ್ಕೆ ಸಿಗುವುದು ಕಡಿಮೆ. ನಳಿಗೆ ಕನ್ನಡಿಯಂತೆ ಹೊಳೆಯುತ್ತಿದ್ದರೂ ಭುಜಕ್ಕೆ ಆನಿಸುವ ಹಿಡಿಯ ಮೇಲೆ ದಶಕಗಳ ಕೊಳೆ, ಅಲ್ಲಲ್ಲಿ ಎದ್ದ ವಾರ್ನಿಷ್, ಎಣ್ಣೆ ಕುಡಿದು ಕಪ್ಪಾದ ಕುತ್ತಿಗೆ, ಜೀಪಿನ ಅಂಚಿಗೋ ಬಾಗಿಲ ಚೌಕಟ್ಟಿಗೋ ತಗುಲಿದ ಗುಳಿಗಳು ಹಾಗೇ ಉಳಿದಿರುತ್ತವೆ. ಒಬ್ಬರಿಂದ ಇನ್ನೊಬ್ಬರಿಗೆ ಕೈದಾಟಿ ಬಂದ ಕೋವಿಯಾದರೆ ಹಿಂದಿನವರು ಹಚ್ಚಿದ ಬಣ್ಣ, ಬಳಿದ ಪಾಲಿಶ್, ಹೊಡೆದ ಮೊಳೆ ಎಲ್ಲವೂ ಮರದ ಮೇಲೆ ಜಮೆಯಾಗಿರುತ್ತವೆ. ಅಂಥ ಹಿಡಿಯನ್ನು ಮತ್ತೆ ಚೊಕ್ಕಟ ಮಾಡುವುದು ಮನೆಯ ಜಗಲಿಯಲ್ಲೇ ಆಗುವ ಕೆಲಸ. ಆದರೆ ಈ ಕೆಲಸದಲ್ಲಿ ಮರ ಹಾಳಾಗುವುದು ಅತಿಯಾಗಿ ಉಜ್ಜುವುದರಿಂದಲೇ. ಎಷ್ಟು ತೆಗೆಯಬಾರದು ಎಂದು ಗೊತ್ತಿರುವವರ ಕೈಯಲ್ಲಿ ಮಾತ್ರ ಹಳೆಯ ಮರ ಮೊದಲಿನ ಚೆಲುವಿಗೆ ಮರಳುತ್ತದೆ.

ಕಾಗದ ಮೊದಲು

ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಬಂದೂಕಿನ ಲೈಸೆನ್ಸ್‌ನಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರಿಂದ ಬಂದ ಆ ಮನ್ನಣೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯಲ್ಲೂ ಮುಂದುವರಿಯಿತು. ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿಯಿತು. ಈಗ ಕೋವಿಯ ಸದ್ದು ಕೇಳುವುದು ಹುತ್ತರಿಯಲ್ಲಿ ಕದಿರು ಕೊಯ್ಯುವಾಗ, ಸಾವಿನ ಮನೆಯಲ್ಲಿ ಸುದ್ದಿ ಸಾರುವಾಗ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ.

ವಿನಾಯಿತಿ ಇಲ್ಲದವರು ಹಳೆ ಕೋವಿಯನ್ನು ಕೊಳ್ಳುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕೇ ಬೇಕು. ವಿನಾಯಿತಿ ಇದ್ದವರಿಗೂ ಕಾಯ್ದೆಯ ಬೇರೆ ಕಲಮುಗಳು ಅನ್ವಯಿಸುತ್ತವೆ. ಬಂದೂಕಿನ ರಿಪೇರಿ ವೃತ್ತಿಗೆ ಪ್ರತ್ಯೇಕ ಲೈಸೆನ್ಸ್ ಇದೆ. ನಳಿಗೆ ಕತ್ತರಿಸುವುದು, ಗುರುತಿನ ಸಂಖ್ಯೆ ಅಳಿಸುವುದು ಅಪರಾಧ. ಆದ್ದರಿಂದ ಮರವನ್ನು ಚೊಕ್ಕಟ ಮಾಡಲು ಕೂತವರು ಒಂದು ಗೆರೆ ಹಾಕಿಕೊಳ್ಳುವುದು ಒಳ್ಳೆಯದು: ಮರ, ಎಣ್ಣೆ, ಪಾಲಿಶ್ ಮನೆಯ ಕೆಲಸ, ನಳಿಗೆ, ಟ್ರಿಗರ್, ಸ್ಪ್ರಿಂಗ್ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಕೆಲಸ. ಲೋಹದ ಮೇಲೆ ಕೊರೆದ ಸಂಖ್ಯೆಯ ಹತ್ತಿರ ಉಪ್ಪುಕಾಗದ ಸುಳಿಯಲೇಬಾರದು.

ಅಕ್ರೋಟ್ ಮರವೇ ಯಾಕೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಹಡಗೇರಿ ಬಂದ ಗ್ರೀನರ್, ವೆಬ್ಲಿ ಆ್ಯಂಡ್ ಸ್ಕಾಟ್ ಕೋವಿಗಳ ಹಿಡಿ ಅಕ್ರೋಟ್ ಮರದ್ದು. ಕಾಶ್ಮೀರದಲ್ಲಿ ಕೆತ್ತನೆಯ ಪೆಟ್ಟಿಗೆ, ಮೇಜುಗಳಾಗುವ ಮರವೂ ಇದೇ ಜಾತಿಯದು. ಒಣಗಿದಾಗ ಅದರ ತೂಕ ಘನ ಮೀಟರಿಗೆ ಸುಮಾರು 640 ಕಿಲೊ. ಭಾರಕ್ಕೆ ಹೋಲಿಸಿದರೆ ಗಟ್ಟಿತನ ಹೆಚ್ಚು. ಗುಂಡು ಹಾರಿದ ಹೊಡೆತವನ್ನು ಸೀಳದೆ ತಡೆಯುತ್ತದೆ, ಹವೆ ಬದಲಾದಾಗ ಹೆಚ್ಚು ತಿರುಚಿಕೊಳ್ಳುವುದಿಲ್ಲ, ಉಳಿ ಇಟ್ಟರೆ ಸಿಬಿರೇಳದೆ ಸಣ್ಣ ಗೆರೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಂದಿಂಚಿನಲ್ಲಿ 20ಕ್ಕೂ ಹೆಚ್ಚು ಗೆರೆ ಎಳೆದು ಹಿಡಿಯ ಕುತ್ತಿಗೆಯ ಮೇಲೆ ಚೌಕುಳಿ ಮೂಡಿಸಲು ಸಾಧ್ಯವಾಗುವುದು ಈ ಗುಣದಿಂದಲೇ.

ಕೊಡಗಿನಲ್ಲಿ ಬೀಟೆ ಇದೆ, ತೇಗ ಇದೆ, ಅವನ್ನೇ ಯಾಕೆ ಬಳಸಬಾರದು ಎಂದು ಕೇಳುವವರಿದ್ದಾರೆ. ಬೀಟೆ ಚೆಂದದ ಮರ. ಆದರೆ ಅಕ್ರೋಟಿಗಿಂತ ಬಹಳ ಭಾರ, ಹಿಡಿ ಭಾರವಾದರೆ ಕೋವಿಯ ತೂಕ ಹಿಂದಕ್ಕೆ ವಾಲುತ್ತದೆ. ಮೇಲಾಗಿ ಬೀಟೆಯಲ್ಲಿರುವ ನೈಸರ್ಗಿಕ ರಾಸಾಯನಿಕಗಳು ಮೇಲೆ ಹಚ್ಚಿದ ಎಣ್ಣೆ ಒಣಗದಂತೆ ತಡೆಯುತ್ತವೆ. ತೇಗದಲ್ಲಿ ಎಣ್ಣೆಯಂಶವೂ ಸಿಲಿಕಾ ಕಣಗಳೂ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ.

ಎಲ್ಲ ಕೋವಿಯ ಮರವೂ ಅಕ್ರೋಟ್ ಅಲ್ಲ. ಕಡಿಮೆ ಬೆಲೆಯ ಎಷ್ಟೋ ವಿದೇಶಿ ಕೋವಿಗಳಿಗೆ ಬರ್ಚ್ ಅಥವಾ ಬೀಚ್ ಮರ ಹಾಕಿ ಕಂದು ಬಣ್ಣ ಬಳಿದಿರುತ್ತಾರೆ. ಹಳೆ ಪಾಲಿಶ್ ತೆಗೆದ ಮೇಲೆ ಮರ ಬೆಳ್ಳಗೆ ಕಂಡರೆ ಗಾಬರಿ ಬೇಡ. ಆ ಕೋವಿಯ ಕಂದು ಮೇಲಿನ ಬಣ್ಣವಷ್ಟೇ ಆಗಿತ್ತು, ಅದನ್ನು ಮತ್ತೆ ಹಚ್ಚಬೇಕಾಗುತ್ತದೆ. ನಮ್ಮ ದೇಶದ್ದೇ ಆದ ಮುಂಗೇರ್ ಕೋವಿಗಳೂ ಬೇಕಾದಷ್ಟಿವೆ. ಬಂಗಾಳದ ನವಾಬ ಮೀರ್ ಕಾಸಿಂ 1760ರ ದಶಕದಲ್ಲಿ ರಾಜಧಾನಿಯನ್ನು ಮುರ್ಷಿದಾಬಾದಿನಿಂದ ಈಗಿನ ಬಿಹಾರದ ಮುಂಗೇರಿಗೆ ಸಾಗಿಸಿ ಅಲ್ಲಿ ಶಸ್ತ್ರಾಗಾರ ಕಟ್ಟಿಸಿದ. ಆ ಊರಿನ ಬಂದೂಕು ಕಸುಬು ಬೆಳೆದದ್ದು ಅಲ್ಲಿಂದ.

ಕೈ ಹಚ್ಚುವ ಮುಂಚೆ

ಮೊದಲ ಕೆಲಸ ಕೋವಿ ತೆರೆದು ನಳಿಗೆ ಖಾಲಿ ಇದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡುವುದು. ತೋಟೆಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಡಬೇಕು.

ಆಮೇಲೆ ಈ ಕೋವಿ ಅಷ್ಟು ಶ್ರಮಕ್ಕೆ ತಕ್ಕದ್ದೇ ಎಂದು ತಿಳಿಯಬೇಕು. ನಳಿಗೆಯ ತಳದಲ್ಲಿ ಪರೀಕ್ಷಾ ಮುದ್ರೆಗಳಿರುತ್ತವೆ. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರಿಂದ ಈ ಮುದ್ರೆ ಒತ್ತುತ್ತಿದೆ. ನಳಿಗೆಯ ಮೇಲೆ ಹಾವಿನ ಚರ್ಮದಂಥ ಸುರುಳಿ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದದ್ದು. ಅಂಥವು ಹೆಚ್ಚಾಗಿ ಕರಿಮದ್ದಿನ ಕಾಲದವು. ಇಂದಿನ ತೋಟೆಯ ಒತ್ತಡ ತಡೆಯುತ್ತವೆಂದು ಮುದ್ರೆ ಹೇಳದ ಹೊರತು ಅವುಗಳಲ್ಲಿ ಗುಂಡು ಹಾರಿಸುವುದು ಅಪಾಯ. ತೋಟೆ ಕೂರುವ ಕೋಣೆಯ ಉದ್ದವನ್ನೂ ಅಳೆಸಬೇಕು. ಹಳೆಯ ಇಂಗ್ಲಿಷ್ 12 ಬೋರ್ ಕೋವಿಗಳಲ್ಲಿ ಅದು 65 ಮಿಲಿಮೀಟರ್, ಈಗಿನ ತೋಟೆಗಳಲ್ಲಿ ಸಾಮಾನ್ಯವಾದದ್ದು 70. ಇವೆಲ್ಲ ಬಂದೂಕು ಬಲ್ಲವರು ನೋಡಿ ಹೇಳಬೇಕಾದ ಮಾತುಗಳು. ಗುಂಡು ಹಾರಿಸಲಾಗದ ಕೋವಿಯೂ ಮನೆತನದ್ದಾದರೆ ಅದರ ಮರ ಉಳಿಸಬೇಕಾದದ್ದೇ. ಯಾವುದಕ್ಕಾಗಿ ಉಳಿಸುತ್ತಿದ್ದೇವೆ ಎಂಬುದು ಮಾತ್ರ ಮೊದಲೇ ಗೊತ್ತಿರಬೇಕು.

ಮರದಲ್ಲಿ ನೋಡಬೇಕಾದ ಜಾಗ ಮುಖ್ಯವಾಗಿ ಒಂದು: ಟ್ರಿಗರ್, ಸ್ಪ್ರಿಂಗ್‌ಗಳಿರುವ ಉಕ್ಕಿನ ಪೆಟ್ಟಿಗೆಯೂ ಹಿಡಿಯ ಕುತ್ತಿಗೆಯೂ ಸೇರುವಲ್ಲಿ. ಗುಂಡಿನ ಹೊಡೆತವೆಲ್ಲ ಅಲ್ಲಿಂದಲೇ ಮರಕ್ಕೆ ದಾಟುತ್ತದೆ. ತಿರುಪು ಸಡಿಲವಾಗಿದ್ದರೆ ಪ್ರತಿ ಹೊಡೆತಕ್ಕೂ ಉಕ್ಕು ಹಿಂದಕ್ಕೆ ಜರುಗಿ ಮರವನ್ನು ಬೆಣೆಯಂತೆ ಸೀಳುತ್ತದೆ. ಮೇಲಿನ ಪಟ್ಟಿಯ ಹಿಂದೆ ಕೂದಲೆಳೆಯಷ್ಟು ಬಿರುಕು ಕಂಡರೂ ಪಾಲಿಶ್ ಮಾಡಿ ಮುಚ್ಚುವಂತಿಲ್ಲ, ಮೊದಲು ಅದನ್ನು ಎಪಾಕ್ಸಿ ಅಂಟಿನಿಂದ ಕೂಡಿಸಬೇಕು.

ಅದೇ ಜಾಗದ ಇನ್ನೊಂದು ಶತ್ರು ಎಣ್ಣೆ. ಕೋವಿಗೆ ಯಂತ್ರದೆಣ್ಣೆ ಹಾಕಿ ನಳಿಗೆ ಮೇಲಾಗಿ ನಿಲ್ಲಿಸಿದರೆ ಹೆಚ್ಚಾದ ಎಣ್ಣೆ ಇಳಿದಿಳಿದು ಹಿಡಿಯ ತಲೆಯನ್ನು ಸೇರುತ್ತದೆ. ವರ್ಷಗಟ್ಟಲೆ ನೆನೆದ ಮರ ಕಪ್ಪಾಗಿ ಮೆದುವಾಗುತ್ತದೆ, ಉಕ್ಕಿನ ಹೊಡೆತಕ್ಕೆ ಒಳಗೊಳಗೇ ಜಜ್ಜಿಹೋಗುತ್ತದೆ.

ಇನ್ನು ಮೇಲಿನ ಹಳೆ ಲೇಪ ಯಾವುದು? ಪತ್ತೆ ಹಚ್ಚುವುದು ಸುಲಭ. ಕಣ್ಣಿಗೆ ಬೀಳದ ಮೂಲೆಯಲ್ಲಿ ಹತ್ತಿಯಿಂದ ಸ್ವಲ್ಪ ಸ್ಪಿರಿಟ್ ಒತ್ತಿ ನೋಡಬೇಕು. ಅಂಟಂಟಾಗಿ ಕರಗಿದರೆ ಅರಗಿನ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಬಗ್ಗದೆ ಮೇಲೆ ದಪ್ಪ ಪೊರೆಯಂತೆ ನಿಂತಿದ್ದರೆ ಪಾಲಿಯುರೆಥೇನ್ ವಾರ್ನಿಷ್. ಪೊರೆಯೇ ಇಲ್ಲದೆ ಮರದ ರಂಧ್ರಗಳು ಬರಿಗಣ್ಣಿಗೆ ಕಾಣುತ್ತಿದ್ದರೆ ಅದು ಎಣ್ಣೆಯ ಪಾಲಿಶ್. ಆಗ ಏನನ್ನೂ ಕೀಳಬೇಕಾಗಿಯೇ ಇಲ್ಲದಿರಬಹುದು. ಟರ್ಪೆಂಟೈನ್ ತೋಯಿಸಿದ ಬಟ್ಟೆಯಿಂದ ಕೊಳೆ ಒರೆಸಿ ಹೊಸ ಎಣ್ಣೆಯ ಎರಡು ತೆಳು ಕೈ ಕೊಟ್ಟರೆ ಎಷ್ಟೋ ಕೋವಿಗಳಿಗೆ ಅಷ್ಟೇ ಸಾಕು.

ಬಿಚ್ಚುವ ಕೆಲಸ

ಇಂಗ್ಲಿಷ್ ಕೋವಿಯ ತಿರುಪುಗಳ ಗೀರು ಕಾಗದದಷ್ಟು ತೆಳು. ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಜೋರು ಮಾಡಿದರೆ ಜಾರಿ ಗೀರಿನ ತುಟಿ ಕಿತ್ತುಹೋಗುತ್ತದೆ, ಪಕ್ಕದ ಕೆತ್ತನೆಯ ಮೇಲೆ ಗೆರೆ ಬೀಳುತ್ತದೆ. ಆದ್ದರಿಂದ ಸ್ಕ್ರೂಡ್ರೈವರಿನ ತುದಿಯನ್ನೇ ಗೀರಿಗೆ ಸರಿಯಾಗಿ ಅರೆದುಕೊಳ್ಳುವುದು ಬಂದೂಕು ಕೆಲಸದವರ ಪದ್ಧತಿ. ಕೆಲವು ಕೋವಿಗಳಲ್ಲಿ ಹಿಡಿಯ ಬುಡದ ತಟ್ಟೆ ಬಿಚ್ಚಿದರೆ ಒಳಗಿನ ಉದ್ದನೆಯ ಬೋಲ್ಟ್ ಒಂದೇ ಇಡೀ ಹಿಡಿಯನ್ನು ಹಿಡಿದಿರುತ್ತದೆ. ಹಳೆಯ ಇಂಗ್ಲಿಷ್ ಮಾದರಿಗಳಲ್ಲಿ ಟ್ರಿಗರಿನ ಹಿಂದುಮುಂದಿನ ತಿರುಪುಗಳು ಆ ಕೆಲಸ ಮಾಡುತ್ತವೆ. ಒಳಗಿನ ಸ್ಪ್ರಿಂಗ್‌ಗಳು ಬಿಗಿದುಕೊಂಡಿರುವುದರಿಂದ ಅನುಭವವಿಲ್ಲದವರು ಮರವನ್ನು ಉಕ್ಕಿನಿಂದ ಬೇರ್ಪಡಿಸುವಷ್ಟನ್ನು ಲೈಸೆನ್ಸ್ ಇರುವವರಿಂದ ಮಾಡಿಸಿಕೊಳ್ಳುವುದೇ ಲೇಸು. ತೆಗೆದ ಪ್ರತಿ ತಿರುಪನ್ನೂ ಅದರ ಜಾಗದ ಹೆಸರು ಬರೆದ ಲಕೋಟೆಯಲ್ಲಿಡಬೇಕು. ಒಂದರ ಗೂಡಿಗೆ ಇನ್ನೊಂದು ಕೂರುವುದಿಲ್ಲ.

ಬಿಚ್ಚಿದ ಮೇಲೂ ಮರ ಉಜ್ಜುವಾಗ ಹಿಡಿಯ ಬುಡದ ತಟ್ಟೆಯನ್ನು ಮತ್ತೆ ಅದರ ಜಾಗದಲ್ಲೇ ಕೂರಿಸಿರಬೇಕು. ಇಲ್ಲದಿದ್ದರೆ ಅಂಚಿನ ಮರ ಸವೆದು ತಟ್ಟೆ ಹೊರಗೆ ಚಾಚುತ್ತದೆ.

ಕಿತ್ತು ತೆಗೆಯುವುದು, ಹೀರಿ ತೆಗೆಯುವುದು

ಹಳೆ ವಾರ್ನಿಷ್ ತೆಗೆಯಲು ಪೇಂಟ್ ಅಂಗಡಿಯಲ್ಲಿ ಸಿಗುವ ಪೇಂಟ್ ರಿಮೂವರ್ ಸಾಕು. ಕೈಗವಸು ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ ದಪ್ಪಗೆ ಬಳಿದು, ಪೊರೆ ಉಬ್ಬಿದ ಮೇಲೆ ಪ್ಲಾಸ್ಟಿಕ್ ಅಥವಾ ಮರದ ಚಕ್ಕೆಯಿಂದ ಎಳೆದು ತೆಗೆಯಬೇಕು. ಬೇಗ ಆಗಲಿ ಎಂದು ಕಾಸ್ಟಿಕ್ ಸೋಡಾ ನೀರು ಹಾಕುವವರಿದ್ದಾರೆ. ಅದು ಅಕ್ರೋಟಿನ ಬಣ್ಣವನ್ನು ಕಪ್ಪಿಗೆ ತಿರುಗಿಸಿ ನಾರನ್ನೂ ಶಿಥಿಲಗೊಳಿಸುತ್ತದೆ. ಕಬ್ಬಿಣದ ಉಣ್ಣೆಯಿಂದ ತಿಕ್ಕಿ ಅದರ ಚೂರುಗಳನ್ನು ರಂಧ್ರಗಳಲ್ಲಿ ಬಿಟ್ಟರೆ ಇನ್ನೊಂದು ತೊಂದರೆ. ಒದ್ದೆ ತಗುಲಿದ ಕೂಡಲೇ ಅಕ್ರೋಟಿನ ಟ್ಯಾನಿನ್ ಕಬ್ಬಿಣದೊಂದಿಗೆ ಕೂಡಿ ಕಡುಗಪ್ಪು ಚುಕ್ಕೆಗಳಾಗುತ್ತವೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದರಲ್ಲ, ಅದೇ ರಾಸಾಯನಿಕ ಕ್ರಿಯೆ ಇಲ್ಲಿ ಮರದೊಳಗೆ ನಡೆಯುತ್ತದೆ. ಅಂಥ ಕಲೆಯನ್ನು ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ತೆಗೆಯುತ್ತದೆ, ಆದರೆ ಅದು ವಿಷ, ಬರಿಗೈಯಲ್ಲಿ ಮುಟ್ಟುವಂತಿಲ್ಲ.

ಎಣ್ಣೆ ಕುಡಿದ ಕುತ್ತಿಗೆಗೆ ಬೇಕಾದ ಔಷಧಿ ಸೀಮೆಸುಣ್ಣದ ಪುಡಿ. ಅದನ್ನು ಅಸಿಟೋನ್‌ನಲ್ಲಿ ಕಲಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದು ಕಪ್ಪಾದ ಮರದ ಮೇಲೆ ಮೆತ್ತಬೇಕು. ಅಸಿಟೋನ್ ಒಳಗೆ ಇಳಿದು ಹಳೆ ಎಣ್ಣೆಯನ್ನು ಕರಗಿಸುತ್ತದೆ. ಆವಿಯಾಗಿ ಹೊರಗೆ ಬರುವಾಗ ಎಣ್ಣೆಯನ್ನೂ ಮೇಲಕ್ಕೆ ತರುತ್ತದೆ, ಸೀಮೆಸುಣ್ಣ ಅದನ್ನು ಹೀರಿಕೊಳ್ಳುತ್ತದೆ. ಬಿಳಿ ಪುಡಿ ನೋಡನೋಡುತ್ತಿದ್ದಂತೆ ಹಳದಿಯಾಗಿ ಮತ್ತೆ ಕಂದಾಗುತ್ತದೆ. ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿ ಮತ್ತೆ ಮೆತ್ತುವುದು, ಪುಡಿ ಬೆಳ್ಳಗೇ ಉಳಿಯುವ ತನಕ. ಅಸಿಟೋನ್ ಕಿಡಿ ಕಂಡರೆ ಭಗ್ಗೆನ್ನುವ ದ್ರವ. ಆದ್ದರಿಂದ ಈ ಕೆಲಸ ಅಂಗಳದಲ್ಲಿ, ಒಲೆ ಮತ್ತು ಬೀಡಿಯಿಂದ ದೂರದಲ್ಲಿ ನಡೆಯಬೇಕು.

ಗುಳಿ ಏಳಿಸುವುದು

ಹಿಡಿಯ ಮೇಲಿನ ಗುಳಿಯನ್ನು ಉಜ್ಜಿ ಸಮ ಮಾಡಬೇಕೆಂದರೆ ಸುತ್ತಲಿನ ಮರವನ್ನೆಲ್ಲ ಅದರ ಆಳಕ್ಕೆ ಇಳಿಸಬೇಕಾಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಹಬೆ. ಪೆಟ್ಟು ಬಿದ್ದಲ್ಲಿ ಮರ ಹೋಗಿರುವುದಿಲ್ಲ, ನಾರುಗಳು ಅಮುಕಿಕೊಂಡಿರುತ್ತವೆ ಅಷ್ಟೆ. ಹತ್ತಿಬಟ್ಟೆಯ ತುಂಡನ್ನು ನೀರಿನಲ್ಲಿ ಅದ್ದಿ ಹಿಂಡಿ, ನಾಲ್ಕು ಮಡಿಕೆ ಮಾಡಿ ಗುಳಿಯ ಮೇಲಿಡಬೇಕು. ಕಾದ ಇಸ್ತ್ರಿ ಪೆಟ್ಟಿಗೆಯ ಮೂತಿಯನ್ನು ಆ ಬಟ್ಟೆಯ ಮೇಲೆ ಒತ್ತಿದರೆ ಸುಂಯ್ ಎಂದು ಹಬೆ ಎದ್ದು ನಾರಿನೊಳಗೆ ನುಗ್ಗುತ್ತದೆ. ಎರಡು ಮೂರು ಸೆಕೆಂಡ್ ಕಳೆದು ಬಟ್ಟೆ ಎತ್ತಿದರೆ ಉಗುರು ಸಿಕ್ಕಿಬೀಳುತ್ತಿದ್ದ ಗುಳಿ ಅರ್ಧಕ್ಕೆ ಬಂದಿರುತ್ತದೆ. ಬಟ್ಟೆಯನ್ನು ಮತ್ತೆ ಒದ್ದೆ ಮಾಡಿ ಇನ್ನೆರಡು ಸಲ ಒತ್ತಿದರೆ ಬೆರಳಿಗೆ ಬರೀ ನೆರಳಿನಷ್ಟು ತಗ್ಗು ಸಿಗುತ್ತದೆ. ನಾರು ಕಡಿದುಹೋದ ಗೀರುಗಳು ಮಾತ್ರ ಹೀಗೆ ಏಳುವುದಿಲ್ಲ. ಅವುಗಳನ್ನು ಹಾಗೇ ಬಿಡುವುದೇ ವಾಸಿ, ಕೋವಿಯ ಬಾಳಿನ ಗುರುತುಗಳಾಗಿ ಅವು ಉಳಿದುಕೊಳ್ಳಲಿ.

ಹಬೆ ಬಡಿದ ಮರದ ಮೇಲೆ ಸಣ್ಣ ಕೂದಲಿನಂಥ ಎಳೆಗಳು ನಿಮಿರುತ್ತವೆ. ಇದು ಬೇಕಾದದ್ದೇ. ಈಗಲೇ ಇಡೀ ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎದ್ದ ಎಳೆಗಳನ್ನು ನಯವಾದ ಕಾಗದದಿಂದ ಸವರಿ ತೆಗೆಯಬೇಕು. ಒದ್ದೆ ಮಾಡಿದರೂ ಎಳೆ ಏಳದ ಹಂತಕ್ಕೆ ಬಂದ ಮರ ಮುಂದೆ ಮಳೆಗೆ ಸಿಕ್ಕರೂ ಒರಟಾಗುವುದಿಲ್ಲ.

ಉಪ್ಪುಕಾಗದದ ಲಗಾಮು

ಇಲ್ಲಿಯೇ ಹೆಚ್ಚಿನ ಕೋವಿಗಳು ಕೆಡುವುದು. ಕುಶಲಿಯಾದ ಬಡಗಿ ಹಿಡಿ ಮಾಡುವಾಗ ಉಕ್ಕು ಸೇರುವ ಅಂಚಿನಲ್ಲಿ ಮರವನ್ನು ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರವಾಗಿ ಬಿಟ್ಟಿರುತ್ತಾನೆ. ಮುಂದಿನ ತಲೆಮಾರು ಒಂದೆರಡು ಸಲ ಉಜ್ಜಲಿ ಎಂದು ಉಳಿಸಿಟ್ಟ ಜಾಗ ಅದು. ಬೆರಳಿಗೆ ಉಪ್ಪುಕಾಗದ ಸುತ್ತಿಕೊಂಡು ಆ ಅಂಚನ್ನು ಉಜ್ಜಿದರೆ ಮರ ಲೋಹದ ಕೆಳಗೆ ಇಳಿಯುತ್ತದೆ. ಆ ಮೇಲೆ ಅದನ್ನು ಮರಳಿ ತರುವ ಉಪಾಯವಿಲ್ಲ. ಉಕ್ಕಿನ ಪೆಟ್ಟಿಗೆಯ ಪಕ್ಕದ ಚೂಪು ಗೆರೆಗಳು ಬೋಳಾಗುತ್ತವೆ. ಸಣ್ಣ ಮಕ್ಕಳ ಆಟಿಕೆಯಂತೆ ಎಲ್ಲವೂ ಉರುಟಾಗಿಬಿಡುತ್ತದೆ.

ಆದ್ದರಿಂದ ಕಾಗದಕ್ಕೆ ಯಾವಾಗಲೂ ಗಟ್ಟಿ ಆಸರೆ ಬೇಕು. ಚಪ್ಪಟೆ ಜಾಗಕ್ಕೆ ಮರದ ತುಂಡು, ಬಾಗಿದ ಜಾಗಕ್ಕೆ ಹಳೆ ರಬ್ಬರ್ ಅಥವಾ ಬಿರಡೆ. ಉಜ್ಜುವುದು ಮರದ ಎಳೆಯ ದಿಕ್ಕಿನಲ್ಲೇ. 220ನೇ ನಂಬರಿನಿಂದ ಶುರು ಮಾಡಿ 320, 400ಕ್ಕೆ ಹೋದರೆ ಸಾಕು. 80ರ ಕಾಗದ ಬಾಗಿಲ ಕೆಲಸಕ್ಕೆ, ಕೋವಿಗೆ ಅದು ಬೇಡವೇ ಬೇಡ. ವಿದ್ಯುತ್ ಸ್ಯಾಂಡರ್ ಹತ್ತಿರವೇ ತರಬಾರದು. ಬೆಳಕು ಪಕ್ಕದಿಂದ ಬೀಳುವಂತೆ ಹಿಡಿಯನ್ನು ಹಿಡಿದು ನೋಡಿದರೆ ಎಲ್ಲಿ ಗೀರು ಉಳಿದಿದೆ, ಎಲ್ಲಿ ಅಲೆ ಎದ್ದಿದೆ ಎಂದು ತಿಳಿಯುತ್ತದೆ.

ಚೌಕುಳಿ ಕೆತ್ತನೆಯನ್ನು ಟೇಪ್ ಅಂಟಿಸಿ ಮುಚ್ಚಿಡಬೇಕು. ಕಾಗದ ಎರಡು ಸಲ ಮೇಲೆ ಹರಿದರೂ ಆ ಪುಟ್ಟ ವಜ್ರಗಳ ತುದಿ ಸವೆಯುತ್ತದೆ. ಅವುಗಳ ನಡುವಿನ ಕೊಳೆಗೆ ಹಳೆ ಹಲ್ಲುಜ್ಜುವ ಬ್ರಷ್ ಮತ್ತು ಟರ್ಪೆಂಟೈನ್ ಸಾಕು. ಗೆರೆಯುದ್ದಕ್ಕೂ ಹಗುರಾಗಿ ಎಳೆದಂತೆ ಕಪ್ಪು ರಾಡಿ ಏಳುತ್ತದೆ, ಒರೆಸಿದರೆ ಕೆತ್ತಿದವನ ಗೆರೆ ಒಂದೊಂದೇ ಬಿಡಿಯಾಗಿ ಕಾಣಿಸುತ್ತದೆ. ಪೂರ್ತಿ ಸವೆದ ಚೌಕುಳಿಯನ್ನು ಮತ್ತೆ ಕೊರೆಯಬಹುದು. ಆದರೆ ಅದು ವರ್ಷಗಟ್ಟಲೆ ಕಲಿತ ಕೈಯ ಕೆಲಸ.

ಎಣ್ಣೆ ಹೇಗೆ ಪೊರೆಯಾಗುತ್ತದೆ

ಹಬ್ಬದ ಹಿಂದಿನ ದಿನ ಹಿಡಿಗೆ ಕೊಬ್ಬರಿ ಎಣ್ಣೆ ಸವರಿದರೆ ಅಂದಿಗೆ ಹೊಳಪು ಬರುತ್ತದೆ. ಆದರೆ ಅದು ಎಂದೂ ಒಣಗುವುದಿಲ್ಲ. ದೂಳು ಹಿಡಿದು ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆಯ ಗುಣ ಬೇರೆ. ಎಣ್ಣೆಯೊಂದು ಒಣಗುವ ಶಕ್ತಿಯನ್ನು ಸೂಚಿಸುವ ಅಯೋಡಿನ್ ಅಂಕ ಕೊಬ್ಬರಿ ಎಣ್ಣೆಗೆ 10ರ ಆಸುಪಾಸು, ಅಗಸೆ ಎಣ್ಣೆಗೆ 170ಕ್ಕೂ ಮೇಲೆ. ಅಗಸೆ ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕವನ್ನು ಹಿಡಿದು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ದ್ರವವಾಗಿದ್ದದ್ದು ಗಟ್ಟಿ ಪೊರೆಯಾಗುತ್ತದೆ. ವಿಜಯಪುರದ ಊಟದಲ್ಲಿ ರೊಟ್ಟಿಗೆ ಜೊತೆಯಾಗುವ ಅಗಸೆ ಚಟ್ನಿಪುಡಿಯ ಬೀಜವೇ ಇದರ ಮೂಲ. ಕ್ರಿಕೆಟ್ ಬ್ಯಾಟಿಗೆ ಹಚ್ಚುವುದೂ ಇದನ್ನೇ.

ಅಡುಗೆಗೆಂದು ಗಾಣದಲ್ಲಿ ತೆಗೆದ ಹಸಿ ಎಣ್ಣೆ ಒಣಗಲು ಬಹಳ ದಿನ ಹಿಡಿಯುತ್ತದೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಎಂದು ಸಿಗುವ ಎಣ್ಣೆಗೆ ಬೇಗ ಒಣಗಿಸುವ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಅದನ್ನು ತಿನ್ನುವುದಕ್ಕೆ ಬಳಸುವಂತಿಲ್ಲ. ಟಂಗ್ ಎಣ್ಣೆ ನೀರನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಅಮೆರಿಕದ ಟ್ರು-ಆಯಿಲ್‌ನಂಥ ಸಿದ್ಧ ದ್ರವಗಳಲ್ಲಿ ಅಗಸೆ ಎಣ್ಣೆಯೊಂದಿಗೆ ವಾರ್ನಿಷಿನ ಅಂಶವೂ ಇರುವುದರಿಂದ ಕೆಲಸ ಬೇಗ ಮುಗಿಯುತ್ತದೆ.

ಲಂಡನ್ನಿನ ಬಂದೂಕು ಕಾರ್ಖಾನೆಗಳ ಎಣ್ಣೆಗೆ ಒಂದು ಬೇರಿನ ಕೆಂಪು ಬಣ್ಣವಿತ್ತು. ಆಲ್ಕನೆಟ್ ಎಂಬ ಗಿಡದ ಬೇರು ನೀರಿನಲ್ಲಿ ಬಣ್ಣ ಬಿಡುವುದಿಲ್ಲ, ಎಣ್ಣೆಯಲ್ಲಿ ಬಿಡುತ್ತದೆ. ಕಾಶ್ಮೀರಿ ರೋಗನ್ ಜೋಶ್‌ಗೆ ಕೆಂಪು ಕೊಡುವ, ಗ್ರಂಥಿಗೆ ಅಂಗಡಿಗಳಲ್ಲಿ ತಲೆಯೆಣ್ಣೆಗೆಂದು ಸಿಗುವ ರತನ್‌ಜೋತ್ ಇದೇ ಕುಟುಂಬದ ಗಿಡದ ಬೇರು. ಅಗಸೆ ಎಣ್ಣೆಯಲ್ಲಿ ಅದನ್ನು ಕೆಲವು ದಿನ ನೆನೆಸಿಟ್ಟರೆ ಎಣ್ಣೆ ದಾಳಿಂಬೆಯ ಬಣ್ಣಕ್ಕೆ ತಿರುಗುತ್ತದೆ. ಮೊದಲ ಕೈ ಇದರದ್ದಾದರೆ ಮಂಕು ಅಕ್ರೋಟಿನೊಳಗಿನ ಕಪ್ಪು ಎಳೆಗಳೂ ಜೇನುಬಣ್ಣದ ಎಳೆಗಳೂ ಬೇರೆಬೇರೆಯಾಗಿ ಎದ್ದು ಕಾಣುತ್ತವೆ.

ಮೊದಲ ಕೈಗೆ ಎಣ್ಣೆಯನ್ನು ಟರ್ಪೆಂಟೈನ್ ಬೆರೆಸಿ ತೆಳು ಮಾಡಬೇಕು. ಮರ ಕುಡಿದಷ್ಟು ಕುಡಿಯಲಿ, ಕಾಲು ಗಂಟೆಯ ನಂತರ ಮೇಲೆ ನಿಂತದ್ದನ್ನೆಲ್ಲ ಒರೆಸಿಬಿಡಬೇಕು. ಹಿಡಿಯ ತಲೆಯ ಒಳಭಾಗ, ಬುಡದ ತಟ್ಟೆಯಡಿಯ ಅಡ್ಡಕೊಯ್ತದ ಮರ, ಇವಕ್ಕೂ ಎಣ್ಣೆ ಮರೆಯದೆ ಹಚ್ಚಬೇಕು, ತೇವ ನುಗ್ಗುವುದು ಅಲ್ಲಿಂದಲೇ. ಎರಡು ಮೂರನೆಯ ಕೈಯಲ್ಲಿ ಎಣ್ಣೆಯನ್ನು 400ರ ಕಾಗದದಿಂದಲೇ ಉಜ್ಜಿದರೆ ಮರದ ನಯವಾದ ಹುಡಿ ಎಣ್ಣೆಯಲ್ಲಿ ಕಲಸಿಕೊಂಡು ರಂಧ್ರಗಳನ್ನು ತುಂಬುತ್ತದೆ. ಆ ಮೇಲಿನ ಕೈಗಳಿಗೆ ನಾಲ್ಕೈದು ಹನಿ ಸಾಕು. ಹನಿಗಳನ್ನು ಅಂಗೈಯಲ್ಲಿ ಹರಡಿಕೊಂಡು, ಮರ ಬೆಚ್ಚಗಾಗುವ ತನಕ ತಿಕ್ಕಬೇಕು. ಕೈಗೆ ಜಿಗುಟು ತಾಗಿದರೆ ಎಣ್ಣೆ ಹೆಚ್ಚಾಯಿತೆಂದು ಅರ್ಥ, ಒರೆಸಿ ತೆಗೆಯಬೇಕು. ಒಂದು ಕೈ ಪೂರ್ತಿ ಒಣಗದೆ ಇನ್ನೊಂದು ಹಚ್ಚಿದರೆ ಒಳಗಿನದು ಎಂದಿಗೂ ಗಟ್ಟಿಯಾಗುವುದಿಲ್ಲ. ಲಂಡನ್ನಿನ ಕುಶಲಿಗರು ಒಂದು ಹಿಡಿಗೆ ವಾರಗಟ್ಟಲೆ ಕೊಡುತ್ತಿದ್ದುದು ಇದೇ ಕಾರಣಕ್ಕೆ. ದಿನಕ್ಕೊಮ್ಮೆಯಂತೆ ಒಂದು ವಾರ, ವಾರಕ್ಕೊಮ್ಮೆಯಂತೆ ಒಂದು ತಿಂಗಳು, ತಿಂಗಳಿಗೊಮ್ಮೆಯಂತೆ ಒಂದು ವರ್ಷ ಎನ್ನುವ ಹಳೆಯ ಲೆಕ್ಕವನ್ನು ಮರಗೆಲಸದವರು ಇಂದಿಗೂ ಹೇಳುತ್ತಾರೆ.

ಚಿಂದಿಬಟ್ಟೆಯ ಬೆಂಕಿ

ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ. ಮರದ ಮೇಲೆ ತೆಳುವಾಗಿದ್ದಾಗ ಅದು ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಎಸೆದ ಎಣ್ಣೆಬಟ್ಟೆಯಲ್ಲಿ ಹೊರಹೋಗಲಾಗದೆ ಒಳಗೇ ಏರಿ, ಯಾರೂ ಕಡ್ಡಿ ಗೀರದೆ ತಾನಾಗಿ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಹೀಗೆ. ಮರದ ಹಲಗೆಗಳ ಪಾಲಿಶ್ ಕೆಲಸ ಮುಗಿಸಿದವರು 22ನೇ ಅಂತಸ್ತಿನಲ್ಲಿ ಬಿಟ್ಟುಹೋದ ಅಗಸೆ ಎಣ್ಣೆಯ ಚಿಂದಿಗಳಿಂದ ಬೆಂಕಿ ಎದ್ದು ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಕಟ್ಟಡವನ್ನು ಕೊನೆಗೆ ಕೆಡವಬೇಕಾಯಿತು. ಮನೆಯಲ್ಲಿ ಈ ಕೆಲಸ ಮಾಡುವವರು ಬಟ್ಟೆಯನ್ನು ಬಿಡಿಸಿ ಹೊರಗಿನ ತಂತಿಯ ಮೇಲೆ ಒಂದೊಂದಾಗಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಕಾಫಿ ಮೂಟೆ, ಗೋಣಿಚೀಲ ಪೇರಿಸಿದ ಕೊಟ್ಟಿಗೆಯ ಮೂಲೆಗೆ ಎಸೆಯುವುದಂತೂ ಸರ್ವಥಾ ಕೂಡದು.

ಕೆಲಸಕ್ಕೆ ಕಾಲ ಯಾವುದು

ಕೋವಿ ತೊಳೆಯುವ ಕಾಲ ಆಗಸ್ಟ್. ಆದರೆ ಹಿಡಿಯ ಪಾಲಿಶಿಗೆ ಅದಕ್ಕಿಂತ ಕೆಟ್ಟ ತಿಂಗಳಿಲ್ಲ. ಕೊಡಗಿನ ಮಳೆಗಾಲದಲ್ಲಿ ಗಾಳಿ ಒದ್ದೆ ಬಟ್ಟೆಯಂತಿರುತ್ತದೆ. ಮರ ತೇವ ಕುಡಿದು ಉಬ್ಬಿರುತ್ತದೆ, ಎಣ್ಣೆ ಒಣಗುವುದು ನಿಧಾನವಾಗುತ್ತದೆ, ಅರಗಿನ ಪಾಲಿಶ್ ಬೆಳ್ಳಗೆ ಮಂಜು ಕಟ್ಟುತ್ತದೆ. ಉಬ್ಬಿದ ಮರವನ್ನು ಲೋಹಕ್ಕೆ ಸಮವಾಗಿ ಉಜ್ಜಿದರೆ ಬೇಸಿಗೆಯಲ್ಲಿ ಅದು ಕುಗ್ಗಿ ತಗ್ಗಾಗುತ್ತದೆ. ಕಾಫಿ ಕೊಯ್ಲು ಮುಗಿದು ಕೈಗೆ ಬಿಡುವು ಸಿಗುವ ಫೆಬ್ರವರಿ-ಮಾರ್ಚ್ ತಿಂಗಳುಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ಆಗ ಶುರು ಮಾಡಿದರೆ ಜೂನ್ ಮಳೆಗೆ ಮುಂಚೆ ಎಣ್ಣೆ ಪೂರ್ತಿ ಗಟ್ಟಿಯಾಗಿ ಮರ ಮಳೆಗಾಲಕ್ಕೆ ಸಿದ್ಧವಾಗಿರುತ್ತದೆ. ಕೈಲ್ ಮುಹೂರ್ತಕ್ಕೆ ಒಣಬಟ್ಟೆಯಲ್ಲಿ ಒರೆಸಿ ಒಂದೆರಡು ಹನಿ ಎಣ್ಣೆ ತಿಕ್ಕಿದರೆ ಮುಗಿಯಿತು.

ಇಡುವ ಕ್ರಮವೂ ಅಷ್ಟೇ ಮುಖ್ಯ. ಚರ್ಮದ ಅಥವಾ ದಪ್ಪ ಬಟ್ಟೆಯ ಚೀಲದಲ್ಲಿ ಮಳೆಗಾಲ ಪೂರ್ತಿ ಇಟ್ಟರೆ ತೇವ ಒಳಗೇ ಕೂತು ಲೋಹಕ್ಕೆ ತುಕ್ಕು, ಮರಕ್ಕೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ, ಬೀಗವಿರುವ ಬೀರು ಬೇಕು. ನಳಿಗೆಗೆ ಎಣ್ಣೆ ಹಾಕಿದ ದಿನ ರಾತ್ರಿಯಾದರೂ ಕೋವಿಯನ್ನು ನಳಿಗೆ ಕೆಳಗಾಗಿ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಹಿಡಿಯ ತಲೆ ಸೇರದೆ ಕೆಳಗಿಟ್ಟ ಬಟ್ಟೆಗೆ ಇಳಿಯುತ್ತದೆ.

ಎಲ್ಲ ಕೋವಿಗೂ ಈ ಚಿಕಿತ್ಸೆ ತಕ್ಕದ್ದಲ್ಲ. ಪರ್ಡಿ, ಹಾಲೆಂಡ್ ಆ್ಯಂಡ್ ಹಾಲೆಂಡ್‌ನಂಥ ಹೆಸರಾಂತ ಕಾರ್ಖಾನೆಯ ಕೋವಿ ಮೂಲ ಪಾಲಿಶ್ ಸಮೇತ ಉಳಿದಿದ್ದರೆ ಅದರ ಮಸುಕು ಬಣ್ಣಕ್ಕೇ ಬೆಲೆ, ಅದನ್ನು ಕೀಳುವುದು ಆ ಬೆಲೆಯನ್ನೇ ಕೀಳುವುದು. ಅಂಥದ್ದಕ್ಕೆ ಒಣಬಟ್ಟೆ ಮತ್ತು ಸ್ವಲ್ಪ ಮೇಣ ಸಾಕು. ಕುಟುಂಬದ ಹಿರಿಯರೊಬ್ಬರು ಹಿಡಿಯ ಮೇಲೆ ಕೊರೆದ ಹೆಸರು, ಸೇನೆಯಲ್ಲಿದ್ದವರು ಬಡಿಸಿದ ಪುಟ್ಟ ಹಿತ್ತಾಳೆ ತಗಡು ಇದ್ದರೆ ಅದರ ಸುತ್ತಲಿನ ಮರವನ್ನೂ ಮುಟ್ಟದಿರುವುದೇ ಸರಿ. ಬರ್ಚ್ ಮರದ ಅಗ್ಗದ ಒಂಟಿ ನಳಿಗೆಯಾದರೂ ಅದು ಮನೆಯಲ್ಲಿ ಮೂರು ತಲೆಮಾರು ಹುತ್ತರಿ ಕಂಡಿದ್ದರೆ ಇಷ್ಟೂ ಶ್ರಮಕ್ಕೆ ಅರ್ಹ.

ಕೆಲಸ ಮುಗಿದ ಮೇಲೆ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದಿಡುವುದು ಉಪಕಾರ: ಕೋವಿಯ ಸಂಖ್ಯೆ, ಮರ ಯಾವುದು, ಹಳೆ ಲೇಪ ಯಾವುದಿತ್ತು, ಬಿರುಕು ಎಲ್ಲಿ ಕೂಡಿಸಿದೆ, ಯಾವ ಎಣ್ಣೆ, ಯಾವ ತಿಂಗಳು. ಬಿಚ್ಚುವ ಮುಂಚೆ ಮತ್ತು ಮುಗಿದ ಮೇಲೆ ತೆಗೆದ ಎರಡು ಫೋಟೊಗಳನ್ನೂ ಸೇರಿಸಿ, ಲೈಸೆನ್ಸ್ ಅಥವಾ ವಿನಾಯಿತಿ ಪತ್ರದ ಜೊತೆಗೇ ಇಡಬೇಕು. ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಆ ಹಿಡಿಯನ್ನು ಮತ್ತೆ ಚೊಕ್ಕಟ ಮಾಡಲು ಕೂರುವವರು ಮೂಲೆಯಲ್ಲಿ ಸ್ಪಿರಿಟ್ ಒತ್ತಿ ಊಹಿಸಬೇಕಾಗಿಲ್ಲ. ಮೇಲಿರುವುದು ಅಗಸೆ ಎಣ್ಣೆ, ಟರ್ಪೆಂಟೈನಿನಿಂದ ಒರೆಸಿ ಎರಡು ತೆಳು ಕೈ ಕೊಟ್ಟರೆ ಸಾಕು ಎಂದು ಅವರು ಹಾಳೆ ನೋಡಿಯೇ ತಿಳಿಯುತ್ತಾರೆ.